ಒಂದೇ ಬ್ಲೇಡು ಬರಬೇಕು

ಹೆಬ್ಬೆರಳಿನಿಂದ ತಳ್ಳಿದರೆ ಡಬ್ಬಿಯ ಬಾಯಿಂದ ಒಂದು ಬ್ಲೇಡು ಹೊರಗೆ ಬರಬೇಕು. ಒಂದೇ ಬರಬೇಕು. ನನಗೆ ಕೊಟ್ಟಿದ್ದ ಕೆಲಸ ಇಷ್ಟೇ. ಆ ಬೇಸಿಗೆಯುದ್ದಕ್ಕೂ ನನ್ನ ಡಬ್ಬಿಯಿಂದ ಆಗಾಗ ಎರಡು ಬರುತ್ತಿದ್ದವು.

ಹೈದರಾಬಾದಿನ ಬಾಲಾನಗರದಲ್ಲಿ ಪ್ಲಾಸ್ಟಿಕ್ ಸಾಮಾನು ಮಾಡುವ ಸಣ್ಣ ಕಾರ್ಖಾನೆ ನಮ್ಮದು. ಅಚ್ಚುಗಳ ನಕ್ಷೆ ಬರೆಯುವವಳು ನಾನು. ಅಲ್ಲಿಯವರೆಗೆ ಬಾಟಲಿಯ ಮುಚ್ಚಳ, ಸ್ವಿಚ್ಚಿನ ಹೊರಕವಚ, ಬಾಚಣಿಗೆ, ಇಂಥವೇ ಕೆಲಸಗಳು. ಒಂದು ದಿನ ಮಾಲೀಕರು ಗಡ್ಡ ಹೆರೆಯುವ ಬ್ಲೇಡು ಮಾಡುವ ಕಂಪನಿಯೊಂದರ ಆರ್ಡರ್ ಹಿಡಿದು ತಂದರು. ಕಾಗದದಲ್ಲಿ ಸುತ್ತಿದ ಬ್ಲೇಡನ್ನು ಬಿಡಿಸುವಾಗ ಜನ ಬೆರಳು ಕುಯ್ದುಕೊಳ್ಳುತ್ತಾರೆ. ಬರಿಯ ಬ್ಲೇಡುಗಳನ್ನು ಒಂದರ ಮೇಲೊಂದು ಜೋಡಿಸಿದ ಡಬ್ಬಿ ಬೇಕು. ಮೇಲಿನ ಕಿಟಕಿಯಲ್ಲಿ ಬೆರಳಿಟ್ಟು ತಳ್ಳಿದರೆ ಬ್ಲೇಡು ನೇರವಾಗಿ ರೇಜರಿಗೆ ಹೋಗಿ ಕೂರಬೇಕು. ಹಳೆಯ ಬ್ಲೇಡು ಹಾಕಲು ಹಿಂಬದಿಯಲ್ಲಿ ಒಂದು ಸೀಳು ಇರಬೇಕು.

“ಏಮಮ್ಮಾ, ನೀನು ಜನ್ಮದಲ್ಲಿ ಗಡ್ಡ ಹೆರೆದವಳಲ್ಲ. ಆಗುತ್ತದಾ?” ಎಂದು ಮಾಲೀಕರು ತೆಲುಗಿನಲ್ಲಿ ಕೇಳಿ ನಕ್ಕಿದ್ದರು.

“ನಾನು ಬಾಟಲಿಯೊಳಗೂ ಇದ್ದವಳಲ್ಲ ಸರ್. ಮುಚ್ಚಳ ಮಾಡಲಿಲ್ಲವೇ?” ಎಂದಿದ್ದೆ.

ಆ ಧೈರ್ಯ ಮೊದಲ ಅಚ್ಚಿನವರೆಗೆ ಇತ್ತು. ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಡಬ್ಬಿಯ ಬಾಯಿ ಒಂದು ಬ್ಲೇಡಿಗಿಂತ ಸ್ವಲ್ಪ ಅಗಲವಾಗಿರಬೇಕು, ಎರಡು ಬ್ಲೇಡಿಗಿಂತ ಕಿರಿದಾಗಿರಬೇಕು. ಕಾಗದದ ಮೇಲೆ ಅದು ಸುಲಭ. ಆದರೆ ಪ್ಲಾಸ್ಟಿಕ್ಕು ಬಿಸಿಯಾಗಿ ಅಚ್ಚಿಗೆ ಹೋಗಿ ತಣ್ಣಗಾಗುವಾಗ ತನ್ನಷ್ಟಕ್ಕೆ ಕುಗ್ಗುತ್ತದೆ. ಬೆಳಗಿನ ಡಬ್ಬಿಯ ಬಾಯಿಯ ಅಳತೆ ಮಧ್ಯಾಹ್ನದ ಡಬ್ಬಿಗೆ ಇರುವುದಿಲ್ಲ. ಮೇಲಾಗಿ ತುಕ್ಕು ಹಿಡಿಯದಿರಲೆಂದು ಬ್ಲೇಡಿಗೆ ತೆಳ್ಳಗೆ ಎಣ್ಣೆ ಸವರಿರುತ್ತಾರೆ. ಆ ಎಣ್ಣೆಯಿಂದ ಎರಡು ಬ್ಲೇಡುಗಳು ಒಂದನ್ನೊಂದು ಅಪ್ಪಿ ಹಿಡಿಯುತ್ತವೆ. ಮೇಲಿನದನ್ನು ತಳ್ಳಿದರೆ ಕೆಳಗಿನದೂ ಸದ್ದಿಲ್ಲದೆ ಹೊರಟುಬಿಡುತ್ತದೆ.

ಬಾಯಿ ಕಿರಿದು ಮಾಡಿದೆ. ಬ್ಲೇಡು ನಡುದಾರಿಯಲ್ಲಿ ಸಿಕ್ಕಿಕೊಂಡಿತು. ಕೆಳಗಿನಿಂದ ಬ್ಲೇಡುಗಳನ್ನು ಮೇಲಕ್ಕೆ ಒತ್ತುವ ಪಟ್ಟಿ ಸ್ಪ್ರಿಂಗನ್ನು ಬಿಗಿ ಮಾಡಿದೆ. ಬ್ಲೇಡುಗಳು ಇನ್ನಷ್ಟು ಅಂಟಿಕೊಂಡವು. ಸಡಿಲ ಮಾಡಿದೆ, ಡಬ್ಬಿ ಓರೆಯಾದರೆ ಸಾಕು, ಬ್ಲೇಡು ಕುಣಿಯತೊಡಗಿತು. ಮಧ್ಯಾಹ್ನದ ಊಟವಾದ ಮೇಲೆ ಯಂತ್ರ ದೊಡ್ಡ ಪ್ರಾಣಿಯ ಹಾಗೆ ಉಸಿರೆಳೆದು ಉಸಿರುಬಿಡುತ್ತಿತ್ತು, ತಗಡಿನ ಮಾಡು ಕಾಯುತ್ತಿತ್ತು, ನನ್ನ ಮೇಜಿನ ಮೇಲಿನ ತಿಳಿನೀಲಿ ಡಬ್ಬಿಗಳನ್ನು ಹಾದುಬಂದ ಬಿಸಿಲು ನಕ್ಷೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಕಣ್ಣು ತೆರೆದುಕೊಂಡೇ ನಾನು ಎಲ್ಲೋ ಹೋಗಿಬಿಡುತ್ತಿದ್ದೆ. ಒಮ್ಮೆ ಕೂತಲ್ಲೇ ತೂಕಡಿಸಿದಾಗ ಕನಸು ಬಿತ್ತು: ಆಕಾಶದಿಂದ ಬ್ಲೇಡುಗಳು ಎಲೆಗಳ ಹಾಗೆ ತೇಲಿಕೊಂಡು ಇಳಿಯುತ್ತಿವೆ, ಯಾರಿಗೂ ಗಾಯವಾಗುತ್ತಿಲ್ಲ, ಎಲ್ಲವೂ ಜೋಡಿ ಜೋಡಿಯಾಗಿವೆ.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ನಡೆದಿತ್ತು.

ಆಗ ಮಿಯಾಪುರದ ಕಡೆ ಇನ್ನೂ ಹೊಲಗಳಿದ್ದವು. ಅದರಾಚೆ ನನ್ನ ಗಂಡ ಕೆಲಸ ಮಾಡುವ ಕೇಂದ್ರ ಸರ್ಕಾರದ ಕಾರ್ಖಾನೆಯ ಕಾಲೊನಿಯಲ್ಲಿ ನಮ್ಮ ಮನೆ. ನನ್ನ ಮಾವ ಬಾಗಲಕೋಟೆ ಕಡೆಯ ಊರಿನಲ್ಲಿ ಬಟ್ಟೆ ಅಂಗಡಿ ನಡೆಸಿದವರು. ಕಣ್ಣಿನ ಒತ್ತಡದ ಕಾಯಿಲೆಯಿಂದ ಒಂದು ಕಣ್ಣು ಹೋಯಿತು, ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದಾಗ ಇನ್ನೊಂದೂ ಹೋಯಿತು. “ಕತ್ತಲಿ ಅಲ್ಲವಾ, ಹಾಲಿನಾಗ ಮುಳುಗಿ ಕುಂತಂಗ ಐತಿ. ಎತ್ಲಾಗ ನೋಡಿದ್ರೂ ಬೆಳ್ಳಗ,” ಎನ್ನುತ್ತಿದ್ದರು.

ಅವರು ಸ್ವಂತಕ್ಕೆ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿದ್ದು ಒಂದೇ ಕೆಲಸ, ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವುದು. ಕೆನ್ನೆ ಅವರಿಗೆ ಕೈಯಲ್ಲೇ ಕಾಣುತ್ತಿತ್ತು, ಅದರಲ್ಲಿ ತೊಂದರೆ ಇರಲಿಲ್ಲ. ತೊಂದರೆ ಬ್ಲೇಡು ಬದಲಿಸುವುದರಲ್ಲಿ. ಒಂದು ಬೆಳಿಗ್ಗೆ ಕಾಗದ ಬಿಡಿಸುವಾಗ ಬ್ಲೇಡು ಕೈ ಜಾರಿತು. ಬಚ್ಚಲ ನೆಲದ ಮೇಲೆ ಅದನ್ನು ತಡವುತ್ತ ಹುಡುಕುವಾಗ ಅಂಗೈ ಉದ್ದಕ್ಕೆ ಸೀಳಿತು. ನನ್ನ ಗಂಡ ಬಾಗಿಲು ತೆರೆದಾಗ ಅವರು ನೀರಿನಲ್ಲಿ ಕೂತು, ಇನ್ನೂ ಹುಡುಕುತ್ತಲೇ ಇದ್ದರು.

“ಇನ್ನ ಸಾಕಪ್ಪಾ. ವಾರಕ್ಕೆರಡು ಸಲ ಕ್ಷೌರದವನ್ನ ಮನಿಗೇ ಕರಸ್ತೀನಿ,” ಎಂದರು ನಮ್ಮವರು. ರೇಜರನ್ನು ಕಪಾಟಿನ ಮೇಲೆ ಇಟ್ಟುಬಿಟ್ಟರು.

ಮಾವ ಜಗಳವಾಡಲಿಲ್ಲ. ಕ್ಷೌರದವನು ಬಂದಾಗ ಕುರ್ಚಿಯಲ್ಲಿ ಕೂತರು, ಅವನು ಹೇಳಿದ ಕಡೆಗೆ ಕತ್ತು ತಿರುಗಿಸಿದರು. ಆದರೆ ಅವನು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಆಮೇಲೆ ಸಂಜೆ ಕಾಲೊನಿಯ ಪಾರ್ಕಿನಲ್ಲಿ ಕನ್ನಡದ ಹಿರಿಯರು ಸೇರುವಲ್ಲಿಗೆ ಹೋಗುವುದು ನಿಂತಿತು. ಊಟಕ್ಕೆ ಕರೆದರೆ “ಆಮ್ಯಾಲ ಉಣ್ತೀನಿ” ಎನ್ನುವರು. ಎರಡನೇ ವಾರ ಕ್ಷೌರದವನನ್ನೂ ಬೇಡವೆಂದರು. ಬಿಳಿ ಗಡ್ಡ ಬೆಳೆಯತೊಡಗಿತು.

ನಾನು ಬ್ಲೇಡಿನ ಡಬ್ಬಿ ಮಾಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಕಾರ್ಖಾನೆಗೆ ಹೋಗುತ್ತಾಳೆ, ಬರುತ್ತಾಳೆ, ಅಷ್ಟೇ. ಅವರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಪರೀಕ್ಷೆಗೆಂದು ಕಂಪನಿಯವರು ನಮಗೆ ಅಂಚು ಹಿಡಿಸದ ಬ್ಲೇಡುಗಳನ್ನು ಕೊಟ್ಟಿದ್ದರು: ಅಳತೆ, ತೂಕ, ಎಣ್ಣೆ ಎಲ್ಲ ಅದೇ, ಚೂಪು ಮಾತ್ರ ಇಲ್ಲ. ಒಂದು ಭಾನುವಾರ ಅಂಥ ಬ್ಲೇಡು ತುಂಬಿದ ಡಬ್ಬಿಯನ್ನು ಅವರ ಕೈಗೆ ಕೊಟ್ಟೆ.

“ಏನವಾ ಇದು?”

“ಬ್ಲೇಡಿನ ಡಬ್ಬಿರಿ ಮಾವಾರ. ನಮ್ಮ ಕಾರ್ಖಾನ್ಯಾಗ ಮಾಡಾಕತ್ತೀವಿ. ಹೆದರಬ್ಯಾಡ್ರಿ, ಇವು ಕೊಯ್ಯಂಗಿಲ್ಲ. ಇಲ್ಲಿ ಹೆಬ್ಬಟ್ಟು ಇಟ್ಟು ತಳ್ರಿ.”

ತಳ್ಳಿದರು. ಒಂದು ಬಂತು. ಬೆರಳಲ್ಲಿ ಅದರ ಮೈ ಸವರಿ ತೊಡೆಯ ಮೇಲೆ ಇಟ್ಟುಕೊಂಡರು. ಇನ್ನೊಮ್ಮೆ ತಳ್ಳಿದರು. ಮೂರನೆಯ ಸಲ ಅವರ ಬೆರಳುಗಳು ತಡೆದು ನಿಂತವು.

“ಎರಡು ಬಂದಾವ ನೋಡು.”

“ಹೌದ್ರಿ. ಅದ ನಮ್ಮ ತ್ರಾಸು.”

“ನನಗ ಗೊತ್ತಾಗದಿದ್ರ ಎರಡನೇದು ಕೆಳಗ ಬೀಳತಿತ್ತು,” ಎಂದು ಮೆಲ್ಲಗೆ ಹೇಳಿದರು. ಅವರ ಗಾಯದ ಕೈ ಇನ್ನೂ ಬಟ್ಟೆಯ ಪಟ್ಟಿಯಲ್ಲಿತ್ತು.

ಅಲ್ಲಿಯವರೆಗೆ ಎರಡನೇ ಬ್ಲೇಡೆಂದರೆ ನನಗೆ ಲೆಕ್ಕ ತಪ್ಪಿದ ಒಂದು ವಸ್ತು. ಅವತ್ತಿನಿಂದ ಅದು ಬಚ್ಚಲ ನೆಲದ ಮೇಲೆ ಎಲ್ಲೋ ಬಿದ್ದಿರುವ ಬ್ಲೇಡಾಯಿತು.

ನಾನು ಪ್ರತಿ ಸಂಜೆ ಹೊಸ ಡಬ್ಬಿಗಳನ್ನು ಮನೆಗೆ ತರತೊಡಗಿದೆ. ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ ಅವರು ವರಾಂಡದ ಬೇವಿನ ನೆರಳಲ್ಲಿ ಕೂತು ತಳ್ಳುವರು, ಮತ್ತೆ ತುಂಬುವರು, ತಳ್ಳುವರು. ಸಂಜೆ ನಾನು ಬಸ್ಸಿಳಿದು ಬರುವಾಗ ದೂರದಿಂದಲೇ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ಎರಡು ಬಂದ ಡಬ್ಬಿಗಳನ್ನು ಎಡಕ್ಕೆ ಇಟ್ಟಿರುತ್ತಿದ್ದರು. ಬಲಗಡೆ ಯಾವಾಗಲೂ ಖಾಲಿ.

ಕೆಲಸ ಮುಗಿದ ಮೇಲೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: “ಇವತ್ತ ಕಾರ್ಖಾನ್ಯಾಗ ಏನ ನೋಡಿದಿ?” ಮೊದಮೊದಲು ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ಹೇಳತೊಡಗಿದೆ. ಪ್ಲಾಸ್ಟಿಕ್ಕಿನ ಹರಳುಗಳು ಸಾಬೂದಾಣಿಯ ಹಾಗೆ ಯಂತ್ರದ ಬಾಯಿಗೆ ಬೀಳುವುದು, ಅಚ್ಚು ತೆರೆದಾಗ ಏಳುವ ಸಣ್ಣ ಹಬೆ, ಹೊಸ ಡಬ್ಬಿ ಕೈಯಲ್ಲಿ ಮರಿಹಕ್ಕಿಯಷ್ಟು ಬೆಚ್ಚಗಿರುವುದು. ಅವರು ತಲೆ ಓರೆ ಮಾಡಿ ಕೇಳುತ್ತಿದ್ದರು. ಆ ಬೆಳ್ಳಗಿನೊಳಗೆ ಅವರಿಗೆ ಏನೇನು ಕಾಣುತ್ತಿತ್ತೋ.

ಕಂಪನಿಯ ಖರೀದಿ ಅಧಿಕಾರಿ ಬರುವ ದಿನ ಹತ್ತಿರವಾಯಿತು. ಮಾಲೀಕರಿಗೆ ತಾಳ್ಮೆ ಮುಗಿಯುತ್ತ ಬಂದಿತ್ತು.

“ನೂರರಲ್ಲಿ ಎಲ್ಲೋ ಒಂದೆರಡು ಜೋಡಿ ಬಂದರೆ ಯಾರಮ್ಮಾ ಕೇಳುತ್ತಾರೆ? ಚೆನ್ನಾಗಿರುವ ಡಬ್ಬಿಗಳನ್ನು ಆರಿಸಿ ಅವರ ಮುಂದೆ ಇಡೋಣ. ಒಪ್ಪಿಗೆ ಸಿಗಲಿ, ಆಮೇಲೆ ಸರಿ ಮಾಡೋಣ.”

ಒಪ್ಪಿಗೆ ಸಿಕ್ಕ ಮೇಲೆ ಯಾರೂ ಏನನ್ನೂ ಸರಿ ಮಾಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಸರಿ ಮಾಡುವ ದಾರಿ ಇನ್ನೂ ಸಿಗದೆ, ಅವರು ಹೇಳಿದಂತೆ ಒಳ್ಳೆಯ ಡಬ್ಬಿಗಳನ್ನು ಆರಿಸತೊಡಗಿದೆ.

ಆ ವಾರ ವಿಪರೀತ ಸೆಕೆ. ಕರೆಂಟು ಹೋಗುವುದು, ಬರುವುದು. ಒಂದು ಮಧ್ಯಾಹ್ನ ಕರೆಂಟು ಮರಳಿ ಬಂದು ಯಂತ್ರ ಶುರುವಾಯಿತು. ಅಚ್ಚಿಗೆ ತಣ್ಣೀರು ಹರಿಸುವ ಪಂಪು ಶುರುವಾಗಲಿಲ್ಲ. ಅದು ಯಾರ ಗಮನಕ್ಕೂ ಬರಲಿಲ್ಲ. ಡಬ್ಬಿಗಳು ಪೂರ್ತಿ ಆರುವ ಮೊದಲೇ ಹೊರಬಿದ್ದವು, ಕಿಟಕಿಯಿರುವ ಮೇಲಿನ ಮುಚ್ಚಳಗಳ ನಡುಭಾಗ ಒಳಕ್ಕೆ ಜೋತುಬಿದ್ದಿತ್ತು. ಅವನ್ನೆಲ್ಲ ರದ್ದಿ ಬುಟ್ಟಿಗೆ ಹಾಕಿದರು. ಒಳ್ಳೆಯ ಡಬ್ಬಿಗಳನ್ನೆಲ್ಲ ಅಧಿಕಾರಿಗೆಂದು ಎತ್ತಿಟ್ಟಿದ್ದರಿಂದ ಮನೆಗೆ ಒಯ್ಯಲು ಒಂದೂ ಉಳಿದಿರಲಿಲ್ಲ. ಮಾವ ಕಾಯುತ್ತಿರುತ್ತಾರಲ್ಲ ಎಂದು ರದ್ದಿಯಿಂದಲೇ ಕೆಲವು ಮುಚ್ಚಳ ಆರಿಸಿ, ತಳಗಳಿಗೆ ಕೂರಿಸಿ, ಬ್ಲೇಡು ತುಂಬಿ ಚೀಲಕ್ಕೆ ಹಾಕಿಕೊಂಡೆ. ಅವರಿಗೆ ಹೊತ್ತು ಕಳೆದರೆ ಸಾಕಿತ್ತು.

ಮರುದಿನ ಸಂಜೆ ಡಬ್ಬಿಗಳೆಲ್ಲ ಬಲಗಡೆ ಇದ್ದವು.

“ಇವು ಬ್ಯಾರೆ ಅದಾವಲ್ಲವಾ. ಎಷ್ಟ ತಳ್ಳಿದ್ರೂ ಒಂದ ಬರಾಕತ್ತೈತಿ.”

ನಾನು ಅವರ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಒಂದು ಡಬ್ಬಿ ತೆಗೆದುಕೊಂಡು ತಳ್ಳಿದೆ. ಒಂದು. ಮತ್ತೆ ತಳ್ಳಿದೆ. ಒಂದು. ಡಬ್ಬಿಯನ್ನು ಮುಳುಗುವ ಸೂರ್ಯನಿಗೆ ಅಡ್ಡ ಹಿಡಿದೆ. ನೀಲಿ ಪ್ಲಾಸ್ಟಿಕ್ಕಿನೊಳಗೆ ಬ್ಲೇಡುಗಳು ತೊಟ್ಟಿಲ ಬಟ್ಟೆಯ ಹಾಗೆ ನಡುವೆ ಜಗ್ಗಿ ಕೂತಿದ್ದವು. ಬಾಗಿದ್ದರಿಂದ ಒಂದರ ಮೇಲೊಂದು ಕೂದಲೆಳೆಯಷ್ಟು ಸರಿದಿದ್ದವು. ಸರಿದಲ್ಲಿ ಎಣ್ಣೆಯ ಹಿಡಿತ ಬಿಟ್ಟಿತ್ತು, ತುದಿಗಳು ಒಂದರಿಂದೊಂದು ಸ್ವಲ್ಪವೇ ಬೇರ್ಪಟ್ಟಿದ್ದವು. ನಾನು ಇಷ್ಟು ದಿನ ಡಬ್ಬಿಯ ಬಾಯಿಯನ್ನೇ ನೋಡುತ್ತಿದ್ದೆ. ಬ್ಲೇಡುಗಳು ಬಿಡಿಯಾಗಬೇಕಿದ್ದದ್ದು ಬಾಯಿಗೆ ಬರುವ ಮೊದಲು.

“ಯಾಕ ಸುಮ್ನಾದಿ?” ಎಂದರು ಮಾವ.

“ಸಿಕ್ತರಿ ಮಾವಾರ,” ಎಂದೆ.

ಆದರೆ ಕೆಟ್ಟುಹೋದ ಪಂಪಿನಿಂದ ಬಂದ ವಕ್ರ ಒಂದೊಂದು ಡಬ್ಬಿಗೆ ಒಂದೊಂದು ಥರ. ಅದನ್ನು ನಂಬಿ ಮಾಲು ಕೊಡಲಾಗುವುದಿಲ್ಲ. ವಕ್ರ ಅಚ್ಚಿನಲ್ಲೇ ಇರಬೇಕು. ಅಂದರೆ ಮುಚ್ಚಳದ ಒಳಮೈಯನ್ನು ರೂಪಿಸುವ ಉಕ್ಕಿನ ಮೇಲೆ ಬಹಳ ಆಳವಿಲ್ಲದ ಒಂದು ತಗ್ಗು ತೋಡಬೇಕು. ಹದ ಹಾಕಿ ಗಟ್ಟಿ ಮಾಡಿದ ಉಕ್ಕು ಅದು, ನಮ್ಮಲ್ಲಿದ್ದದ್ದು ಒಂದೇ.

ನಮ್ಮ ಅಚ್ಚು ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಉಸ್ತಾದರೆಂದೇ ಕರೆಯುತ್ತಿದ್ದರು. ಬೀದರಿನವರು. ನನ್ನ ನಕ್ಷೆ ನೋಡಿ ಕನ್ನಡಕ ಹಣೆಗೇರಿಸಿದರು.

“ಬೇಟಿ, ತೋಡೋದು ನನ್ನ ಕೆಲಸ, ತೋಡಿ ಕೊಡ್ತೀನಿ. ಆದ್ರ ತಪ್ಪಿತಂದ್ರ ಉಕ್ಕು ಮತ್ತ ತುಂಬಲಿಕ್ಕೆ ಬರಾಂಗಿಲ್ಲ. ಮಾಲೀಕರಿಗಿ ಕೇಳ್ದೇನು?”

ಕೇಳಲು ಹೋದೆ. ಮಾಲೀಕರು ನಕ್ಷೆಯನ್ನು ನೋಡಲೇ ಇಲ್ಲ. “ಅಧಿಕಾರಿ ಬರುವ ಹೊತ್ತಿಗೆ ಇರುವ ಒಂದು ಅಚ್ಚನ್ನೂ ಕೆಡಿಸಿಕೊಂಡು ಕೂರಲೇ? ವದ್ದಮ್ಮಾ, ಬೇಡ!” ಎಂದರು. ನಾನು ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟೆ, ಒಂದು ನೇರ, ಒಂದು ವಕ್ರ. “ನೀವೇ ತಳ್ಳಿ ಸರ್. ಕಣ್ಣು ಮುಚ್ಚಿಕೊಂಡು ತಳ್ಳಿ,” ಎಂದೆ. ನಮ್ಮ ಮಾವನ ವಿಷಯವನ್ನೂ ಹೇಳಿದೆ, ಬಚ್ಚಲ ನೆಲದ ವಿಷಯವನ್ನೂ. ಆಫೀಸಿನಲ್ಲಿ ಮನೆಯ ಮಾತು ಆಡಿದ್ದು ಅದೇ ಮೊದಲು.

ಅವರು ಕಣ್ಣು ಮುಚ್ಚಿದರು. ಫ್ಯಾನು ತಿರುಗುತ್ತಿತ್ತು. ನೇರ ಡಬ್ಬಿಯಿಂದ ಬಹಳ ಹೊತ್ತು ಒಂದೊಂದೇ ಬಂದವು. ಸೋತೆ ಎಂದುಕೊಳ್ಳುವಷ್ಟರಲ್ಲಿ ಒಂದು ಬ್ಲೇಡು ಅವರ ಬೆರಳುಗಳ ನಡುವೆ ಉಳಿಯಿತು, ಇನ್ನೊಂದು ಜಾರಿ ಮಡಿಲಿಗೆ ಬಿತ್ತು. ಅವರಿಗೆ ಗೊತ್ತಾಗಲಿಲ್ಲ. ಮುಂದೆ ತಳ್ಳುತ್ತಲೇ ಇದ್ದರು.

“ಕಣ್ಣು ತೆರೆಯಿರಿ ಸರ್,” ಎಂದೆ.

ಮಡಿಲನ್ನು ನೋಡಿಕೊಂಡರು. ಆ ಬ್ಲೇಡನ್ನು ಎತ್ತಿ ಮೇಜಿನ ಮೇಲೆ ಇಟ್ಟರು. ಕೊನೆಗೆ ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡು, “ತೋಡಿಸು,” ಎಂದರು.

ಗಟ್ಟಿ ಉಕ್ಕನ್ನು ಸಾಮಾನ್ಯ ಹತ್ಯಾರಗಳಿಂದ ಕೊರೆಯಲಾಗುವುದಿಲ್ಲ. ಉಸ್ತಾದರು ಹೊಟ್ಟೆ ಉಬ್ಬಿದ ಆಕಾರದ ಒಂದು ತಾಮ್ರದ ಗಟ್ಟಿಯನ್ನು ತಿದ್ದಿ ತಿದ್ದಿ ತಯಾರಿಸಿದರು. ಅಚ್ಚನ್ನು ಸೀಮೆಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ, ಅದರ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ತಾಮ್ರವನ್ನು ಇಳಿಸಿ, ವಿದ್ಯುತ್ತಿನ ಕಿಡಿಗಳಿಂದ ಉಕ್ಕನ್ನು ಕಣಕಣವಾಗಿ ತಿನ್ನಿಸುವ ಯಂತ್ರವೊಂದು ನಮ್ಮಲ್ಲಿತ್ತು. ಎಣ್ಣೆಯ ತಳದಲ್ಲಿ ನೀಲಿ ಚುಕ್ಕೆಗಳು ಮಿನುಗಿ ಆರುತ್ತಿದ್ದವು, ಸಣ್ಣ ಗುಳ್ಳೆಗಳು ಮೇಲೇರುತ್ತಿದ್ದವು, ಚಿರಿಚಿರಿ ಸದ್ದು. ಇಡೀ ದಿನ ಆ ತೊಟ್ಟಿಯ ಬಳಿ ನಿಂತಿದ್ದೆ. ಕೆಡಬಾರದ್ದನ್ನು ಕೆಡಿಸುತ್ತಿದ್ದೇನೆಂಬ ಭಯವೂ ಒಂದು ಹೊತ್ತಿನ ಮೇಲೆ ಆ ಬೆಳಕಿನಲ್ಲಿ ಕರಗಿಹೋಯಿತು. ಸಂಜೆ ಮಾವನಿಗೆ ಹೇಳಿದೆ.

“ಎಣ್ಣ್ಯಾಗ ಚುಕ್ಕಿ ಮೂಡತಾವು?”

“ಹೌದ್ರಿ. ನೀಲಿ ಚುಕ್ಕಿ. ಕಣ್ ಮಿಟುಕಿಸೂದ್ರಾಗ ಆರತಾವು, ಮತ್ತ ಮೂಡತಾವು.”

“ಭಾಳ ಚಂದ ಇರಬೇಕು,” ಎಂದರು. ಬಹಳ ಹೊತ್ತಾದ ಮೇಲೆ ಮತ್ತೆ, “ಭಾಳ ಚಂದ,” ಎಂದರು.

ತಗ್ಗಿಗೆ ಹೊಳಪು ಕೊಟ್ಟು ಅಚ್ಚನ್ನು ಯಂತ್ರಕ್ಕೆ ಕಟ್ಟಿದೆವು. ಮೊದಲ ಮುಚ್ಚಳಗಳು ಅಚ್ಚಿಗೇ ಕಚ್ಚಿಕೊಂಡವು. ಹೊರಕ್ಕೆ ತಳ್ಳುವ ಸೂಜಿಗಳು ಅವನ್ನು ತೂತು ಮಾಡಿಬಿಟ್ಟವು. ಮಾಲೀಕರು ಬಂದು ನೋಡಿ ಹೋದರು. ಉಸ್ತಾದರು ಅಚ್ಚನ್ನು ಬಿಚ್ಚಿ, ವಜ್ರದ ಪುಡಿಯ ಲೇಪ ಹಚ್ಚಿ ಮತ್ತೆ ಉಜ್ಜಿದರು. ಆಮೇಲೆ ಮುಚ್ಚಳಗಳು ಬಿಟ್ಟವು. ಬ್ಲೇಡು ತುಂಬಿ ತಳ್ಳಿದೆವು, ನಾನು, ಉಸ್ತಾದರು, ಯಂತ್ರ ನಡೆಸುವವರು, ಪ್ಯಾಕಿಂಗಿನ ಹೆಂಗಸರು, ಎಲ್ಲರೂ ಕೈಗೊಂದು ಡಬ್ಬಿ ಹಿಡಿದು. ಕಾರ್ಖಾನೆಯ ತುಂಬ ಟಿಕ್ ಟಿಕ್. ಯಾರ ಕೈಯಿಂದಲೂ ಎರಡು ಬರಲಿಲ್ಲ.

ಒಂದು ಕೊರತೆ ಉಳಿಯಿತು. ಒಳಗೆ ಪ್ಲಾಸ್ಟಿಕ್ಕು ದಪ್ಪವಾದಲ್ಲಿ ಅದು ತಣಿಯುವಾಗ ಹೊರಮೈ ಕುಗ್ಗಿ, ಕಿಟಕಿಯ ಸುತ್ತ ತೆಳುವಾದ ಕುಳಿ ಬೀಳುತ್ತಿತ್ತು. ನಮ್ಮ ಕಸುಬಿನಲ್ಲಿ ಅದು ದೋಷ. ಇನ್ನಷ್ಟು ಹೊತ್ತು ಒತ್ತಡ ಕೊಟ್ಟು ತಣಿಸಿದರೆ ಅದನ್ನು ಹೋಗಲಾಡಿಸಬಹುದಿತ್ತು. ಹಾಗೆ ಮಾಡುವ ಮುಂಚೆ ಒಂದನ್ನು ಮಾವನಿಗೆ ಕೊಟ್ಟೆ. ಅವರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ಹಿಡಿದು, “ಇದು ಚೊಲೊ ಆತು. ಬಟ್ಟು ತಾನ ಹೋಗಿ ಕೂಡತೈತಿ, ಹುಡುಕೂದ ಬ್ಯಾಡ,” ಎಂದರು. ಕುಳಿಯನ್ನು ಹಾಗೇ ಬಿಟ್ಟೆ.

ಅಧಿಕಾರಿ ಬಂದರು. ಮಾಲೀಕರು ಡಬ್ಬಿಗಳನ್ನು ಆರಿಸಿ ಇಡಲಿಲ್ಲ. ಇಡೀ ಪೆಟ್ಟಿಗೆಯನ್ನು ಅವರ ಮುಂದೆ ಸುರಿದು, “ಯಾವುದು ಬೇಕೋ ತೆಗೆದುಕೊಳ್ಳಿ,” ಎಂದರು. ಅಧಿಕಾರಿ ಮುಖದಲ್ಲಿ ಯಾವ ಭಾವವೂ ಇಲ್ಲದೆ ಒಂದಾದ ಮೇಲೊಂದು ಡಬ್ಬಿ ಖಾಲಿ ಮಾಡಿದರು. ಮೇಜಿನ ಮೇಲೆ ಬ್ಲೇಡುಗಳ ಗುಡ್ಡೆಯಾಯಿತು. ಕೊನೆಗೆ ಒಂದರ ಮೇಲೆ ಬೆರಳಾಡಿಸಿ, “ಇಲ್ಲಿ ಕುಳಿ ಬಿದ್ದಿದೆ. ಇದು ಅಚ್ಚಿನ ದೋಷವಲ್ಲವೇ?” ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆ, ಪೂರ್ತಿ ಕತ್ತಲೆ.

“ಈಗ ಒಂದು ಬ್ಲೇಡು ತೆಗೆಯಿರಿ ಸರ್,” ಎಂದೆ.

ಕತ್ತಲಲ್ಲಿ ಸ್ವಲ್ಪ ತಡೆದು, ಟಿಕ್ ಎಂದಿತು. ಇನ್ನೊಮ್ಮೆ ಟಿಕ್. ಆಮೇಲೆ ಅವರು ನಕ್ಕ ಸದ್ದು.

“ಕುಳಿ ಇರಲಿ,” ಎಂದರು.

ಅವತ್ತು ಸಂಜೆ ಅಧಿಕಾರಿ ಬಿಟ್ಟುಹೋದ ಚೂಪು ಬ್ಲೇಡುಗಳನ್ನು ತುಂಬಿ ಒಂದು ಡಬ್ಬಿಯನ್ನು ಮನೆಗೆ ತಂದೆ. ನಮ್ಮವರು ಒಪ್ಪಲಿಲ್ಲ. “ನಿನ್ನ ಡಬ್ಬಿ ಪಾಸಾತು, ಖುಷಿ. ಆದ್ರ ಅಪ್ಪನ ಮ್ಯಾಲ ಪರೀಕ್ಷಾ ಮಾಡೂದು ಬ್ಯಾಡ,” ಎಂದರು.

“ಪರೀಕ್ಷಾ ಅವರ ಮಾಡಿ ಮುಗಿಸ್ಯಾರ್ರಿ,” ಎಂದೆ.

ಒಳಗಿನಿಂದ ಮಾವನ ದನಿ ಬಂತು: “ರೇಜರ್ ಕೆಳಗ ಇಳಿಸಪಾ.”

ಮರುದಿನ ಬೆಳಿಗ್ಗೆ ಅವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಹೊರಗೆ ನಿಂತೆವು, ಒಬ್ಬರ ಮುಖ ಒಬ್ಬರು ನೋಡದೆ. ನೀರಿನ ಸದ್ದು. ಸೋಪಿನ ಬ್ರಷ್ಷು ಉಜ್ಜುವ ಸದ್ದು. ಆಮೇಲೆ ಟಿಕ್. ನಮ್ಮವರು ಬಾಗಿಲ ಹಿಡಿಕೆಗೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದೆ. ಉದ್ದನೆಯ, ಒಣ ಎಲೆಯ ಮೇಲೆ ಬೆರಳಾಡಿಸಿದಂಥ ಸದ್ದು ನಿಧಾನವಾಗಿ ಕೆನ್ನೆಯ ಮೇಲಿಂದ ಇಳಿಯತೊಡಗಿತು. ಅದು ಬಹಳ ಹೊತ್ತು ನಡೆಯಿತು. ಬೇವಿನಲ್ಲಿ ಅಳಿಲು ಕೂಗುತ್ತಿತ್ತು. ನನಗೆ ಕಾಲ ನಿಂತೇಹೋಗಿದೆ ಅನ್ನಿಸಿತು.

ಬಾಗಿಲು ತೆರೆಯಿತು. ಹೆಗಲ ಮೇಲೆ ಟವೆಲು, ಒದ್ದೆ ಕೆನ್ನೆ. ಮಗನ ಕಡೆಗೆ ತಿರುಗುತ್ತಾರೆಂದುಕೊಂಡೆ. ಅವರು ನನ್ನನ್ನು ಕರೆದರು.

“ಯವ್ವಾ, ಬಾ ಇಲ್ಲೆ. ಎಲ್ಲೆರೆ ಬಿಟ್ಟೀನೇನು, ನೋಡಿ ಹೇಳು.”

ಮದುವೆಯಾಗಿ ಬಂದಾಗಿನಿಂದ ನಾನು ಅವರೆದುರು ನಿಂತು ಮುಖ ಎತ್ತಿ ನೋಡಿದವಳಲ್ಲ. ಸೆರಗು ಹೊದ್ದು, ತಟ್ಟೆ ಇಟ್ಟು, ಪಕ್ಕಕ್ಕೆ ಸರಿಯುವುದೇ ನಮ್ಮ ಮನೆಯ ರೂಢಿ. ಅವರ ಕಣ್ಣು ಹೋದ ಮೇಲೂ ಅದು ಹೋಗಿರಲಿಲ್ಲ. ವರಾಂಡದಲ್ಲಿ ಅಷ್ಟು ಸಂಜೆ ಮಾತಾಡಿದ್ದೂ ಪಕ್ಕದ ಮೆಟ್ಟಿಲ ಮೇಲೆ ಕೂತು, ಬೇವಿನ ಕಡೆಗೆ ನೋಡುತ್ತ. ಈಗ ಹತ್ತಿರ ಹೋಗಿ ನೋಡಿದೆ. ನನ್ನ ಗಂಡನ ಗಲ್ಲದಂಥದೇ ಗಲ್ಲ. ತುಟಿಯ ಮೇಲೆ ಸಣ್ಣ ಮಚ್ಚೆ. ಎಲ್ಲಿಯೂ ರಕ್ತದ ಹನಿ ಇಲ್ಲ. ಅವರು ಗಲ್ಲ ಎತ್ತಿ, ಬೆಳಕಿನ ಕಡೆಗೆಂದು ತಾವು ಊಹಿಸಿದ ಕಡೆಗೆ ಮುಖ ಹಿಡಿದು ಕಾಯುತ್ತಿದ್ದರು.

“ಎಡಗಿವಿ ಕೆಳಗ ಒಂಚೂರು ಉಳದೈತ್ರಿ,” ಎಂದೆ.

ಬೆರಳಿಂದ ಮುಟ್ಟಿ ನೋಡಿಕೊಂಡರು. “ಹೌದಲ್ಲ,” ಎಂದು ನಕ್ಕರು. ಮತ್ತೆ ಒಳಗೆ ಹೋದರು. ಈ ಸಲ ಬಾಗಿಲು ಹಾಕಲಿಲ್ಲ.